ಸೆಕೊಂಡಿ ದೋಣಿ ಪ್ರಾಧಿಕಾರದ ಏಕನಾಮ ವ್ಯವಸ್ಥೆ

ಸರ್ಕಾರಿ ಕಚೇರಿಯಲ್ಲಿ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಮಾಡಿದವರು ಮಾತ್ರ ನಿರ್ದೇಶಕರೇ ಆಗಿರತಕ್ಕದ್ದು. ಸೆಕೊಂಡಿಯ ನಾಡದೋಣಿ ನೋಂದಣಿ ಪ್ರಾಧಿಕಾರದಲ್ಲಿ ಈ ನಿಯಮ ಸ್ಥಾಪನೆಯ ದಿನದಿಂದಲೂ ಜಾರಿಯಲ್ಲಿದ್ದು, ಯಾರಿಂದಲೂ ದೂರು ಬಂದಿರಲಿಲ್ಲ. ಕಡಲಿಗಿಳಿಯುವ ಪ್ರತಿ ದೋಣಿಗೂ ಒಂದು ಸಂಖ್ಯೆ ಕೊಡುವುದು, ಸಂಖ್ಯೆ ಇದ್ದ ದೋಣಿಗೆ ರಿಯಾಯಿತಿ ಇಂಧನದ ಚೀಟಿ ಕೊಡುವುದು ಈ ಪ್ರಾಧಿಕಾರದ ಕೆಲಸ. ಚೀಟಿ, ರಸೀದಿ, ಪತ್ರ, ಕೊನೆಗೆ ಪಾಯಖಾನೆಯ ಬಾಗಿಲಿಗೆ ಅಂಟಿಸಿದ ‘ದಯವಿಟ್ಟು ನೀರು ಹಾಕಿ’ ಎಂಬ ಸೂಚನೆ ಕೂಡ ನಿರ್ದೇಶಕರ ಹೆಸರಿನಲ್ಲೇ ಹೊರಡುತ್ತಿತ್ತು.

ಅರಬಾ ಬೆಂಟ್ಸಿಲ್ ಎಂಬ ಹುಡುಗಿ ಅಲ್ಲಿಗೆ ಪ್ರೋಗ್ರಾಮರ್ ಆಗಿ ಸೇರಿದಳು. ಪರೀಕ್ಷಾವಧಿಯ ನೌಕರಿ, ಅವಧಿ ಮುಗಿಯುವುದರೊಳಗೆ ಖಾಯಂ ಆಗಬೇಕು, ಇಲ್ಲದಿದ್ದರೆ ಮನೆಗೆ ಹೋಗಬೇಕು. ಮನೆಯಲ್ಲಿ ತಾಯಿ ಮಾಮೆ ಎಕುವಾ ಮೀನು ಹೊಗೆಯಾಡಿಸಿ ಮಾರುತ್ತಿದ್ದಳು. ಒಲೆಯ ಹೊಗೆ ತಿಂದು ತಿಂದು ಅವಳ ಕಣ್ಣು ಸದಾ ಕೆಂಡದ ಹಾಗೆ ಇರುತ್ತಿತ್ತು. ಮಗಳ ನೌಕರಿ ಖಾಯಂ ಆದ ದಿನವೇ ಒಲೆ ಒಡೆದು ಹಾಕುತ್ತೇನೆಂದು ಮೀನುಪೇಟೆಗೆಲ್ಲ ಸಾರಿಬಿಟ್ಟಿದ್ದಳು. ಅರಬಾಗೆ ಜೀವನದಲ್ಲಿ ಬೇಕಾಗಿದ್ದುದು ಆ ಒಲೆ ಒಡೆಯುವುದು, ಅಷ್ಟೇ.

ಸೇರಿದ ದಿನ ಅವಳು ಎಲ್ಲ ಪ್ರೋಗ್ರಾಮರುಗಳೂ ಮಾಡುವುದನ್ನೇ ಮಾಡಿದಳು. ಗಣಕಯಂತ್ರಕ್ಕೆ ಬರೆಯುವ ಸಾಲುಗಳಲ್ಲಿ ಯಾವುದನ್ನು ಯಾರು ಬರೆದರು, ಯಾರು ತಿದ್ದಿದರು ಎಂದು ಗುರುತಿಟ್ಟುಕೊಳ್ಳುವ ಗಿಟ್ ಎಂಬ ವ್ಯವಸ್ಥೆಯೊಂದಿದೆ. ಅದು ಮೊದಲಿಗೇ ಹೆಸರು ಕೇಳುತ್ತದೆ. ಅರಬಾ ಏನೂ ತಿಳಿಯದವಳ ಹಾಗೆ ತನ್ನ ಹೆಸರು ಹೇಳಿದಳು.

ಕೆಲವೇ ವಾರಗಳಲ್ಲಿ ಅವಳಿಗೆ ಕಾರಣ ಕೇಳುವ ನೋಟಿಸು ಬಂತು. ‘ಸರ್ಕಾರಿ ಕೆಲಸವನ್ನು ಸ್ವಂತ ಹೆಸರಿನಲ್ಲಿ ಮಾಡಿ ಸಿಕ್ಕಿಬಿದ್ದಿರುವ ಬಗ್ಗೆ’ ಎಂದು ವಿಷಯ. ಆಡಳಿತಾಧಿಕಾರಿ ಆ್ಯಕನ್ ಅವಳನ್ನು ಕೋಣೆಗೆ ಕರೆಸಿ ಕೂರಿಸಿದರು. ಅವರು ಕೆಟ್ಟವರೇನಲ್ಲ, ನಿಯಮ ಓದಿದವರು.

“ಏನಮ್ಮ ಇದು? ದೋಣಿ ಹುಡುಕೋ ಪುಟ, ಬರೆದವರು ಅರಬಾ ಬೆಂಟ್ಸಿಲ್. ಇಂಧನದ ಚೀಟಿ, ತಿದ್ದಿದವರು ಅರಬಾ ಬೆಂಟ್ಸಿಲ್. ಎಲ್ಲ ಕಡೆ ನೀನೇನಾ?”

“ನಾನೇ ಬರೆದದ್ದು ಸಾರ್.”

“ನೀನೇ ಬರೆದೆ ಅಂತ ನನಗೂ ಗೊತ್ತು. ಅದನ್ನ ಹೇಳಿಕೊಂಡು ತಿರುಗೋ ಅವಶ್ಯಕತೆ ಏನಿತ್ತು?”

“ಗಿಟ್ ಕೇಳುತ್ತೆ ಸಾರ್. ಹೆಸರು ಹೇಳದೆ ಒಂದಕ್ಷರ ಒಳಗೆ ಬಿಡಲ್ಲ.”

“ಕೇಳಿದರೆ ನಿರ್ದೇಶಕರ ಹೆಸರು ಹೇಳಬೇಕು. ನಾಳೆ ಯಾರಾದ್ರೂ ಬಂದು ಈ ಕಚೇರಿ ಯಾರದಮ್ಮಾ ಅಂದ್ರೆ, ನಂದು ಅಂತೀಯಾ?”

ಅರಬಾ ಇಲ್ಲವೆಂದಳು. ಆಕೆಯ ಸೌಜನ್ಯವನ್ನು ಕಡತದಲ್ಲಿ ದಾಖಲಿಸಲಾಯಿತು. ಮರುದಿನ ಸುತ್ತೋಲೆ ಹೊರಟಿತು: “ಪ್ರಾಧಿಕಾರದ ಯಾವುದೇ ಗಣಕಯಂತ್ರವು ‘ನೀನು ಯಾರು’ ಎಂದು ಪ್ರಶ್ನಿಸಿದಲ್ಲಿ ನೌಕರರು ತಮ್ಮ ವೈಯಕ್ತಿಕ ಹೆಸರನ್ನು ನಮೂದಿಸತಕ್ಕದ್ದಲ್ಲ. ನಿರ್ದೇಶಕರ ಹೆಸರನ್ನು ಎಲ್ಲ ಪದವಿ ಹಾಗೂ ಬಿರುದುಗಳೊಂದಿಗೆ ನಮೂದಿಸತಕ್ಕದ್ದು. ಬಿರುದು ಬಿಟ್ಟುಹೋದಲ್ಲಿ ಸದರಿ ಕೆಲಸವನ್ನು ಆಗಿಲ್ಲವೆಂದೇ ಪರಿಗಣಿಸಲಾಗುವುದು.”

ಬಿರುದುಗಳಿಗೆ ಕೊರತೆ ಇರಲಿಲ್ಲ. ನಿರ್ದೇಶಕರು ಕರಾವಳಿಯ ಒಂದು ಹಳ್ಳಿಯ ಪೀಠದ ಮೇಲೆ ಕೂತ ಮುಖ್ಯಸ್ಥರೂ ಆಗಿದ್ದರು. ಹಾಗಾಗಿ ಕಚೇರಿಯೂ ಅವರನ್ನು ಪೀಠಸ್ಥರಿಗೆ ಸಲ್ಲುವ ಗೌರವದ ಹೆಸರಿನಿಂದ ‘ನಾನಾ’ ಎಂದೇ ಕರೆಯುತ್ತಿತ್ತು. ಅಂದಿನಿಂದ ಗಿಟ್‌ನಲ್ಲಿ ಪ್ರತಿಯೊಂದು ಸಾಲಿನ ಪಕ್ಕದಲ್ಲೂ ‘ನಾನಾ ಡಾಕ್ಟರ್ ಕ್ವಾಮೆನಾ ಎಸ್ಸಿಲ್ಫೀ ದ್ವಿತೀಯ, ಕಡಲ ಬೆನ್ನು ತಟ್ಟುವವರು, ಮೀನುಗಳ ಮಾವ’ ಎಂದು ಬರತೊಡಗಿತು. ಮೀನುಗಳ ಮಾವ ಗುಂಡಿಯೊಂದರ ಬಣ್ಣ ಬದಲಾಯಿಸಿದರು. ಮೀನುಗಳ ಮಾವ ನಿನ್ನೆ ತಾವೇ ಮಾಡಿದ ತಪ್ಪನ್ನು ಇಂದು ತಾವೇ ಸರಿಪಡಿಸಿದರು.

ಆದರೆ ಹೆಸರನ್ನು ಯಾರು ಬೇಕಾದರೂ ಹೇಳಿಬಿಡಬಹುದು. ಅದಕ್ಕೇ ರಾಜಧಾನಿ ಅಕ್ರಾದಲ್ಲಿದ್ದ ದೊಡ್ಡ ಸರ್ವರ್ ಹೆಸರಿನ ಜೊತೆಗೆ ಕೀಲಿಯನ್ನೂ ಕೇಳುತ್ತಿತ್ತು. ಎಸ್‌ಎಸ್‌ಎಚ್ ಕೀಲಿ ಎಂದರೆ ಒಂದು ಜೋಡಿ. ಒಂದನ್ನು ಸರ್ವರ್‌ಗೆ ಕೊಡಬೇಕು, ಅದನ್ನು ಊರೆಲ್ಲ ನೋಡಿದರೂ ತೊಂದರೆಯಿಲ್ಲ. ಇನ್ನೊಂದನ್ನು ಒಡೆಯ ತನ್ನ ಯಂತ್ರದಲ್ಲೇ ಗುಟ್ಟಾಗಿ ಇಟ್ಟು, ಅದಕ್ಕೊಂದು ಗುಪ್ತವಾಕ್ಯದ ಕಾವಲು ಹಾಕಬೇಕು. ಹೆಸರು ನಿರ್ದೇಶಕರದ್ದಾದ ಮೇಲೆ ಕೀಲಿ ಅರಬಾಳದ್ದಾಗಿರುವುದು ಹೇಗೆ? ಅವಳ ಕೀಲಿಯನ್ನು ಅಳಿಸಿ, ನಿರ್ದೇಶಕರ ಯಂತ್ರದಲ್ಲೇ ಹೊಸದನ್ನು ಮಾಡಬೇಕೆಂದು ತೀರ್ಮಾನವಾಯಿತು. ಆ ಯಂತ್ರದ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿದ್ದು ಅಂದೇ ಮೊದಲು.

ಪೀಠದ ಹೆಸರಿನಲ್ಲಿ ನಡೆಯುವ ಕೆಲಸ ಪೀಠದ ಪದ್ಧತಿಯಂತೆ ನಡೆಯಬೇಕು. ಕಚೇರಿಯ ಸಿಬ್ಬಂದಿಯೆಲ್ಲ ಸೇರಿದರು, ಗೇಟಿನ ಬಳಿ ಕೆಂಕಿ ಎಂಬ ಜೋಳದ ಹಿಟ್ಟಿನ ಕಡುಬು ಮಾರುವವಳೂ ಬಂದಳು. ಗತಿಸಿದ ಹಿರಿಯರಿಗೆಂದು ಶ್ನಾಪ್ಸ್ ಮದ್ಯವನ್ನು ನೆಲಕ್ಕೆ ಸುರಿದರು; ಒಂದಿಷ್ಟು ಕೀಲಿಮಣೆಯ ಮೇಲೂ ಬಿತ್ತು. ನಾನಾ ಅವರ ಪಕ್ಕದಲ್ಲಿ ಅವರ ಒಚಾಮೆ ಎಗ್ಯಾ ಓಟು ದಂಡ ಹಿಡಿದು ನಿಂತಿದ್ದರು. ಒಚಾಮೆ ಎಂದರೆ ಪೀಠದ ಮಾತುಗಾರ. ಮುಖ್ಯಸ್ಥರಾದವರು ಸಭೆಯಲ್ಲಿ ನೇರವಾಗಿ ಮಾತಾಡುವಂತಿಲ್ಲ, ಅವರೊಂದಿಗೂ ಯಾರೂ ನೇರವಾಗಿ ಮಾತಾಡುವಂತಿಲ್ಲ. ನಾನಾ ಕಿವಿಯಲ್ಲಿ ಹೇಳಿದ್ದನ್ನು ಎಗ್ಯಾ ತಿದ್ದಿ ತೀಡಿ, ಗಾದೆ ಬೆರೆಸಿ, ಎಲ್ಲರಿಗೂ ಕೇಳುವಂತೆ ಸಾರುತ್ತಿದ್ದರು.

“ಎಗ್ಯಾ, ನಾನಾ ಅವರು ಯಾರಿಗೂ ಗೊತ್ತಾಗದ ಒಂದು ಗುಪ್ತವಾಕ್ಯ ಹೇಳಬೇಕಂತೆ,” ಎಂದಳು ಅರಬಾ.

ಎಗ್ಯಾ ಬಗ್ಗಿ ಕಿವಿಕೊಟ್ಟರು. ಎದ್ದು ನಿಂತು ದಂಡವನ್ನು ನೆಲಕ್ಕೆ ಕುಟ್ಟಿ ಸಾರಿದರು: “ನಾನಾ ಹೇಳುತ್ತಾರೆ! ಕಡಲು ಎಷ್ಟೇ ದೊಡ್ಡದಾದರೂ ದಡಕ್ಕೆ ಬಂದು ತಲೆ ಬಾಗುತ್ತದೆ, ದಡ ಇರುವುದು ಎಸ್ಸಿಲ್ಫೀಯ ಪಾದದ ಕೆಳಗೆ, ಆ ಪಾದ ಇನ್ನೂ ಒದ್ದೆಯಾಗಿಲ್ಲ.”

ಸಭೆ “ಸತ್ಯ, ಸತ್ಯ” ಎಂದಿತು. ಕೆಂಕಿ ಮಾರುವವಳು ಇನ್ನೊಮ್ಮೆ ಹೇಳಿಸಿಕೊಂಡಳು.

“ಎಗ್ಯಾ, ಇದು ಗುಟ್ಟಾಗಿರಬೇಕಿತ್ತು.”

“ಗುಟ್ಟಾಗಿ ಹೇಳೋದಾದ್ರೆ ಒಚಾಮೆ ಯಾಕೆ ಬೇಕು ಮಗಳೇ? ಬರಕೋ.”

“ಅಲ್ಪವಿರಾಮ ಎಲ್ಲೆಲ್ಲಿ ಹಾಕಲಿ?”

“ನಾನು ಉಸಿರು ತಗೊಂಡ ಕಡೆ.”

ನಾನಾ ಅವರು ನಿಜವಾಗಿ ಏನು ಹೇಳಿದ್ದರೆಂದು ಅರಬಾ ಎಷ್ಟೋ ದಿನಗಳ ಮೇಲೆ ಕೇಳಿದಳು. “ಏನೋ ಒಂದು ಹಾಕ್ಕೊಳ್ಳಿ, ಹೊಟ್ಟೆ ಹಸೀತಿದೆ ಅಂದ್ರು,” ಎಂದರು ಎಗ್ಯಾ.

ಹೀಗೆ ವ್ಯವಸ್ಥೆ ಸುಗಮವಾಗಿ ನಡೆಯತೊಡಗಿತು. ಬರೆದದ್ದನ್ನು ಅಕ್ರಾಗೆ ಕಳಿಸಬೇಕಾದಾಗಲೆಲ್ಲ ಅರಬಾ ನಿರ್ದೇಶಕರ ಯಂತ್ರದ ಮುಂದೆ ಕೂರುತ್ತಿದ್ದಳು, ಎಗ್ಯಾ ಪಕ್ಕದಲ್ಲಿ ನಿಂತು ಗುಪ್ತವಾಕ್ಯವನ್ನು ಸಾರುತ್ತಿದ್ದರು. ಅವಳಿಗೆ ಅದು ಬಾಯಿಪಾಠವಾಗಿತ್ತು, ಆದರೂ ಪೀಠದ ಮಾತನ್ನು ಒಚಾಮೆ ಹೇಳದೆ ಬರೆದುಕೊಳ್ಳುವುದು ಸಭ್ಯತೆಯಲ್ಲ. ಮರುಭೂಮಿಯ ಕಡೆಯಿಂದ ಧೂಳುಗಾಳಿ ಬೀಸುವ ತಿಂಗಳುಗಳಲ್ಲಿ ಎಗ್ಯಾರಿಗೆ ಕೆಮ್ಮು. ಕೆಮ್ಮಿದಲ್ಲೆಲ್ಲ ಉಸಿರು, ಉಸಿರಿದ್ದಲ್ಲೆಲ್ಲ ಅಲ್ಪವಿರಾಮ. ಅಂಥ ದಿನ ಸರ್ವರ್ ಬಾಗಿಲು ತೆಗೆಯುತ್ತಿರಲಿಲ್ಲ, ಚೀಟಿಗಳು ಹೊರಡುತ್ತಿರಲಿಲ್ಲ, ದೋಣಿಗಳು ಇಂಧನವಿಲ್ಲದೆ ದಡದಲ್ಲೇ ಉಳಿಯುತ್ತಿದ್ದವು. ‘ತಾಂತ್ರಿಕ ಕಾರಣ’ ಎಂದು ಫಲಕ ಹಾಕುತ್ತಿದ್ದರು. ಮೀನುಗಾರರು ಬೈಯುತ್ತಿದ್ದರಾದರೂ ಎಗ್ಯಾರಿಗೆ ಶುಂಠಿ ಕಷಾಯ ತಂದುಕೊಡುತ್ತಿದ್ದರು.

ಪರೀಕ್ಷಾವಧಿ ಮುಗಿಯುತ್ತ ಬಂದಾಗ ಖಾಯಮಾತಿ ಸಮಿತಿ ಸಭೆ ಸೇರಿತು. ಅರಬಾ ಮಾಡಿದ ಕೆಲಸವನ್ನು ಗಿಟ್‌ನಿಂದ ತೆಗೆಸಿ ನೋಡಿದರು. ಮೊದಲ ಕೆಲವು ವಾರಗಳ ಅಪರಾಧವೊಂದನ್ನು ಬಿಟ್ಟರೆ ಅಲ್ಲಿ ಅವಳ ಹೆಸರೇ ಇರಲಿಲ್ಲ.

“ನಿನ್ನ ಕಡತ ಖಾಲಿ ಇದೆಯಲ್ಲಮ್ಮ,” ಎಂದರು ಆ್ಯಕನ್. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

“ನೀವೇ ಸುತ್ತೋಲೆ ಹೊರಡಿಸಿದ್ದು ಸಾರ್.”

“ನಾನೆಲ್ಲಿ ಹೊರಡಿಸಿದೆ? ನಿರ್ದೇಶಕರು ಹೊರಡಿಸಿದ್ದು. ನನ್ನ ಹೆಸರಲ್ಲೂ ಈ ಕಚೇರೀಲಿ ಒಂದು ಹುಲ್ಲುಕಡ್ಡಿ ಇಲ್ಲ. ನಾನು ಹಳಬ, ನಡೀತದೆ. ನೀನು ಹೊಸಬಳು.”

ಅರಬಾ ನಾನಾ ಅವರ ಬಳಿಗೇ ಹೋದಳು. ಸಾವಿರ ಹೇಳಲಿ, ಮನುಷ್ಯ ಒಳ್ಳೆಯವರು. ಎಗ್ಯಾರ ಮೂಲಕ ಅವಳ ಅಹವಾಲು ಕೇಳಿ ಹೊಟ್ಟೆ ಕುಲುಕಿಸಿ ನಕ್ಕರು, ಕಣ್ಣೊರೆಸಿಕೊಂಡರು, ಎಗ್ಯಾರ ಕಿವಿಯಲ್ಲಿ ಏನೋ ಹೇಳಿದರು.

“ನಾನಾ ಹೇಳುತ್ತಾರೆ,” ಎಂದು ಎಗ್ಯಾ ಸಾರಿದರು, “ಬಲೆ ಎಳೆದವನ ಕೈಗೆ ಮೀನಿನ ವಾಸನೆಯಾದರೂ ಉಳಿಯಬೇಕು. ಹುಡುಗಿಯ ಕೆಲಸ ಹುಡುಗಿಯದೇ. ಸೋಮವಾರ ಹಾಗೆಂದು ಬರೆದು ಸಹಿ ಮಾಡಿಕೊಡುತ್ತೇನೆ.”

ಶನಿವಾರ ನಾನಾ ಅವರು ಹಳ್ಳಿಗೆ ಹೋದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೀಠದ ಮೇಲಿರುವವರು ಸಾಯುವುದಿಲ್ಲ. ಅವರು ಹಳ್ಳಿಗೆ ಹೋಗುತ್ತಾರೆ. ಹಿರಿಯರು ಕೂತು, ಸಂಸ್ಕಾರದ ದಿನ ಗೊತ್ತುಮಾಡಿ, ಡಂಗುರ ಹೊಡೆಸುವವರೆಗೆ ಬೇರೆ ಮಾತು ಬಾಯಿಗೆ ಬರಬಾರದು. ಅಳಬಾರದು, ಕಪ್ಪು ಬಟ್ಟೆ ಉಡಬಾರದು. ಹಿರಿಯರಲ್ಲಿ ಎರಡು ಪಂಗಡಗಳಿದ್ದವು, ದಿನ ಗೊತ್ತಾಗುವ ಲಕ್ಷಣ ಹತ್ತಿರದಲ್ಲಿರಲಿಲ್ಲ. ಸೆಕೊಂಡಿಯಲ್ಲಿ ವಿಷಯ ತಿಳಿಯದವರು ಒಬ್ಬರೂ ಇರಲಿಲ್ಲ, ಹೇಳಿದವರೂ ಒಬ್ಬರಿಲ್ಲ.

ಸೋಮವಾರ ಆ್ಯಕನ್ ಅರಬಾಳ ಮುಖ ನೋಡಿದರು. “ಕಣ್ಣೇನಮ್ಮ ಹಾಗಿದೆ? ಅಳ್ತಾ ಇಲ್ಲ ತಾನೆ?”

“ಇಲ್ಲ ಸಾರ್. ಅಮ್ಮನ ಒಲೆ ಹೊಗೆ.”

“ಹಾಗಾದ್ರೆ ಸರಿ. ನಾನಾ ಹಳ್ಳಿಗೆ ಹೋಗಿದಾರೆ. ಅಲ್ಲಿಂದಲೇ ಕೆಲಸ ಮಾಡ್ತಾರೆ.”

“ಸಾರ್, ಇನ್ನಾದ್ರೂ ನನ್ನ ಹೆಸರಲ್ಲಿ ಬರೀಲಾ?”

“ನಿನ್ನ ಹೆಸರು ಬಂದ ದಿನ ಜನ ಕೇಳ್ತಾರೆ, ನಾನಾ ಬರೆಯೋದು ಯಾಕೆ ನಿಲ್ಲಿಸಿದರು ಅಂತ. ಏನು ಹೇಳ್ತೀಯ? ಪೀಠದ ವಿಷಯ ಡಂಗುರ ಹೊಡೆಯೋದಕ್ಕೆ ನೀನು ಯಾರಮ್ಮ?”

ಬಿಸಿತುಪ್ಪದ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅರಬಾಳ ಪರೀಕ್ಷಾವಧಿಯನ್ನು ನಾನಾ ಹಳ್ಳಿಯಿಂದ ಮರಳುವವರೆಗೆ ವಿಸ್ತರಿಸಲಾಯಿತು. ಅವಳು ಬರೆಯುತ್ತ ಹೋದಳು, ನಾನಾ ಅವರ ಕೆಲಸ ಬೆಳೆಯುತ್ತ ಹೋಯಿತು. ಹಿಂದೆಲ್ಲ ನಾನಾ ಅವರನ್ನು ಕಾಣಲು ಬಂದವರಿಂದ ಕೋಣೆ ತುಂಬಿ ಅವಳಿಗೆ ಯಂತ್ರವೇ ಸಿಗುತ್ತಿರಲಿಲ್ಲ. ಈಗ ಕೋಣೆ ಖಾಲಿ, ಕೆಲಸ ಸರಾಗ. ತಿಂಗಳುಗಳು ಕಳೆದ ಮೇಲೆ ಅಕ್ರಾದ ಸಚಿವಾಲಯದಿಂದ ಪ್ರಶಂಸಾಪತ್ರ ಬಂತು: “ಸೆಕೊಂಡಿಯ ನಿರ್ದೇಶಕರು ಹಳ್ಳಿಗೆ ತೆರಳಿದ ನಂತರ ಅವರ ಕಾರ್ಯಕ್ಷಮತೆ ಗಣನೀಯವಾಗಿ ಹೆಚ್ಚಿರುವುದು ದಾಖಲೆಗಳಿಂದ ಕಂಡುಬರುತ್ತದೆ. ಅವರಿಂದ ಪ್ರವಾಸ ಭತ್ಯೆಯ ಬೇಡಿಕೆ ಸಂಪೂರ್ಣವಾಗಿ ನಿಂತಿರುವುದನ್ನು ವಿಶೇಷವಾಗಿ ಗಮನಿಸಲಾಗಿದೆ. ಇತರ ನಿರ್ದೇಶಕರೂ ಹಳ್ಳಿಗೆ ಹೋಗುವ ಬಗ್ಗೆ ಗಂಭೀರವಾಗಿ ಚಿಂತಿಸತಕ್ಕದ್ದು.” ಪತ್ರದ ಕೊನೆಯಲ್ಲಿ, ಇಂಥ ಅಧಿಕಾರಿಯನ್ನು ಖುದ್ದು ಕಂಡು ಅಭಿನಂದಿಸಲು ಉಪಕಾರ್ಯದರ್ಶಿ ಮೇಡಂ ಲ್ಯಾಂಪ್ಟಿ ಬರುತ್ತಾರೆಂದು ಬರೆದಿತ್ತು.

ಆ್ಯಕನ್ ಪತ್ರ ಓದಿ ಬಾಗಿಲು ಮುಚ್ಚಿದರು. ಒಳಗೆ ಅರಬಾ, ಎಗ್ಯಾ ಓಟು ಮತ್ತು ನಿರ್ದೇಶಕರ ಖಾಲಿ ಕುರ್ಚಿ.

“ನಾನಾ ಒಂದು ದಿನದ ಮಟ್ಟಿಗೆ ಹಳ್ಳಿಯಿಂದ ಬರಬೇಕಾಗುತ್ತೆ,” ಎಂದರು ಆ್ಯಕನ್.

“ಅವರಿಗೆ ಈಗ ಪ್ರಯಾಣ ಕಷ್ಟ,” ಎಂದರು ಎಗ್ಯಾ.

“ಅದಕ್ಕೇ ಹೇಳ್ತಿರೋದು. ಅರಬಾ, ಆ ಕುರ್ಚೀಲಿ ಕೂತ್ಕೋ. ಮೈತುಂಬ ಪೀಠದ ಬಟ್ಟೆ ಹೊದ್ಕೋ. ಮಾತು ಹೇಗೂ ಎಗ್ಯಾರದ್ದು. ಮುಖ್ಯಸ್ಥರ ಮುಖ ನೇರವಾಗಿ ನೋಡೋದು ಯಾವ ಮರ್ಯಾದಸ್ಥರೂ ಮಾಡಲ್ಲ.”

“ಕೂತರೆ ನನ್ನ ನೌಕರಿ ಖಾಯಂ ಆಗುತ್ತಾ ಸಾರ್?”

“ನಾನಾ ಸಹಿ ಮಾಡಿದ್ರೆ ಆಗುತ್ತೆ.”

“ನಾನಾ ಅಂದ್ರೆ ಯಾರು ಸಾರ್ ಈಗ?”

“ಆ ಕುರ್ಚೀಲಿ ಕೂತಿರೋರು.”

ಮೇಡಂ ಲ್ಯಾಂಪ್ಟಿ ಬಂದರು. ಚಪ್ಪಲಿ ಕಳಚಿ ಒಳಗೆ ಬಂದು, ಕಣ್ಣು ನೆಲದ ಮೇಲಿಟ್ಟು, ಎಗ್ಯಾರ ಮೂಲಕ ಅಭಿನಂದನೆ ಸಲ್ಲಿಸಿದರು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದರು.

“ಎಗ್ಯಾ, ನಾನಾ ಬೇಸರ ಮಾಡ್ಕೋಬಾರದು. ಒಂದು ಅನಾಮಧೇಯ ದೂರು ಬಂದಿದೆ. ಇಲ್ಲಿ ಬರೀತಿರೋರು ನಾನಾ ಅಲ್ಲ, ಯಾರೋ ಹುಡುಗಿ ಅಂತ. ನಾನು ನಂಬಲ್ಲ. ಆದರೆ ಗುರುತು ಖಚಿತ ಮಾಡ್ಕೊಂಡು ಬಾ ಅಂತ ಆದೇಶ ಇದೆ.”

“ಕಣ್ಣೆದುರೇ ಕೂತಿದಾರಲ್ಲ ಮೇಡಂ,” ಎಂದರು ಆ್ಯಕನ್.

“ಕಣ್ಣನ್ನ ನಂಬೋ ಹಾಗಿಲ್ಲ ಸ್ವಾಮಿ. ಸಂಬಳಪಟ್ಟೀಲಿ ಹೆಸರು ಮಾತ್ರ ಇರೋ ದೆವ್ವ ನೌಕರರನ್ನ ಹುಡುಕೋಕೆ ಹೋದಾಗ ಎಲ್ಲರನ್ನೂ ಕಣ್ಣಾರೆ ನೋಡಿ ಬಂದಿದ್ವಿ. ಅರ್ಧಕ್ಕರ್ಧ ಎರವಲು ಜನ. ಈಗ ಯಂತ್ರ ಏನು ಹೇಳುತ್ತೋ ಅದೇ. ಕೀಲಿ ಹಾಕಿ ತೋರಿಸಲಿ.”

ಎಗ್ಯಾ ದಂಡ ಕುಟ್ಟಿ ಶುರು ಮಾಡಿದರು. ಅದು ಧೂಳುಗಾಳಿಯ ಕಾಲ. ‘ದಡಕ್ಕೆ’ ಎಂಬಲ್ಲಿ ಕೆಮ್ಮು ಬಂತು, ‘ಪಾದ’ದ ಹತ್ತಿರ ಮತ್ತೆ ಬಂತು. ಅರಬಾ ಕೇಳಿದ ಹಾಗೆಯೇ ಬರೆದಳು. ಸರ್ವರ್ ನಿರಾಕರಿಸಿತು. ಮೇಡಂ ಲ್ಯಾಂಪ್ಟಿ ಕಾಗದದ ಮೇಲೆ ಏನೋ ಗುರುತು ಮಾಡಿಕೊಂಡರು. ಆ್ಯಕನ್ ಶುಂಠಿ ಕಷಾಯದ ಲೋಟವನ್ನು ಎಗ್ಯಾರತ್ತ ಸರಿಸಿದರು.

ಅರಬಾಗೆ ಆ ಕ್ಷಣ ಎಲ್ಲ ಸ್ಪಷ್ಟವಾಗಿ ಕಂಡಿತು. ಇನ್ನೊಮ್ಮೆ ತಪ್ಪಾದರೆ ನಾಟಕ ಮುಗಿಯುತ್ತದೆ. ತಾನು ಎದ್ದು ಬಟ್ಟೆ ಕೊಡವಿ, ಇದೆಲ್ಲ ಬರೆದವಳು ನಾನು ಎಂದು ಹೇಳಬಹುದು. ಹೇಳಿದ ಮೇಲೆ ಪೀಠಕ್ಕೆ ಅಪಚಾರ, ಕಚೇರಿಗೆ ಮೋಸ, ನೌಕರಿಗೆ ತಿಲಾಂಜಲಿ. ತಾಯಿಯ ಕೆಂಪು ಕಣ್ಣು ನೆನಪಾಯಿತು. ಅವಳಿಗೆ ದುಃಖವಾಯಿತು, ತುಂಬ ದುಃಖವಾಯಿತು. ಎಗ್ಯಾರ ಎರಡನೆಯ ಸಲದ ಕೆಮ್ಮಿಗೆ ಕಿವಿಗೊಡದೆ, ತನಗೆ ಬಾಯಿಪಾಠವಾಗಿದ್ದಂತೆ ತಪ್ಪಿಲ್ಲದೆ ಬರೆದಳು.

ಪರದೆಯ ಮೇಲೆ ಅಕ್ಷರ ಮೂಡಿತು: ‘ಸ್ವಾಗತ, ನಾನಾ ಡಾಕ್ಟರ್ ಕ್ವಾಮೆನಾ ಎಸ್ಸಿಲ್ಫೀ ದ್ವಿತೀಯ, ಕಡಲ ಬೆನ್ನು ತಟ್ಟುವವರು, ಮೀನುಗಳ ಮಾವ. ನಿಮ್ಮ ಗುರುತು ಖಚಿತವಾಗಿದೆ.’

“ನೋಡಿ, ಇಷ್ಟೇ ಕೆಲಸ,” ಎಂದರು ಮೇಡಂ ಲ್ಯಾಂಪ್ಟಿ. ಅವರ ವರದಿಯಲ್ಲಿ ಹೀಗಿತ್ತು: “ನಿರ್ದೇಶಕರು ಖುದ್ದು ಹಾಜರಿದ್ದರು. ಸೇವಾಪುಸ್ತಕದಲ್ಲಿರುವುದಕ್ಕಿಂತ ಕಿರಿಯ ವಯಸ್ಸಿನವರಾಗಿ ಕಂಡುಬಂದರು. ಹಳ್ಳಿಯ ಗಾಳಿ ಒಗ್ಗಿರುವ ಹಾಗಿದೆ. ದೂರಿನಲ್ಲಿ ಹುರುಳಿಲ್ಲ.”

ಸಚಿವಾಲಯ ಖಚಿತಪಡಿಸಿದ ಗುರುತನ್ನು ಬದಲಾಯಿಸುವ ಅಧಿಕಾರ ಕೆಳಗಿನ ಕಚೇರಿಗಿಲ್ಲ. ಮರುದಿನ ಅರಬಾ ತನ್ನ ಹಳೆಯ ಮೇಜಿನ ಕಡೆ ನಡೆದಾಗ ಎಲ್ಲರೂ ಎದ್ದು ನಿಂತರು. ಆ್ಯಕನ್ ಅವಳಿಗೆ ಏನೋ ಹೇಳಬೇಕಾಗಿ ಬಂದು, ಎಗ್ಯಾರನ್ನು ಕರೆಸಿದರು. ಹಿರಿಯರ ಎರಡು ಪಂಗಡಗಳೂ ಇದನ್ನು ಒಪ್ಪಿದವು. ಪೀಠದ ಮೇಲೆ ಒಬ್ಬರು ಕೂತಿರುವಾಗ ಜಗಳದ ಇತ್ಯರ್ಥಕ್ಕೆ ಅವಸರವೇನು? ನಾನಾ ಆಗಿ ಅವಳ ಮೊದಲ ಸಹಿ ಬಿದ್ದದ್ದು ಅರಬಾ ಬೆಂಟ್ಸಿಲ್ ಎಂಬ ಉದ್ಯೋಗಿಯನ್ನು ಖಾಯಂ ಮಾಡುವ ಆದೇಶದ ಮೇಲೆ. ಎರಡನೆಯದು, ಸದರಿ ಅರಬಾ ಬೆಂಟ್ಸಿಲ್ ಖಾಯಂ ಆದ ದಿನದಿಂದ ಮೇಜಿನ ಬಳಿ ಕಾಣಿಸಿಕೊಳ್ಳದಿರುವ ಬಗ್ಗೆ ಕಾರಣ ಕೇಳುವ ನೋಟಿಸಿನ ಮೇಲೆ. ಎರಡೂ ಕ್ರಮಬದ್ಧವಾಗಿದ್ದವು.

ವಾರ ಕಳೆದ ಮೇಲೆ ಮಾಮೆ ಎಕುವಾ ಬಂದಳು. ತಲೆಯ ಮೇಲಿನ ಬೋಗುಣಿಯಲ್ಲಿ ಬಿಸಿ ಕೆಂಕಿ, ಕರಿದ ಮೀನು, ಮೆಣಸಿನ ಗೊಜ್ಜು. ಬಾಗಿಲಲ್ಲೇ ಚಪ್ಪಲಿ ಕಳಚಿದಳು. ಕೋಣೆಯಲ್ಲಿ ಜನರಿದ್ದರು. ಅರಬಾ ಎಗ್ಯಾರ ಕಿವಿಯಲ್ಲಿ ಪಿಸುಗುಟ್ಟಿದಳು: “ಅಮ್ಮಂಗೆ ಹೇಳಿ ಎಗ್ಯಾ, ನನ್ನ ನೌಕರಿ ಖಾಯಂ ಆಯ್ತು, ಇವತ್ತೇ ಒಲೆ ಒಡೀಲಿ ಅಂತ.”

ಎಗ್ಯಾ ದಂಡ ಕುಟ್ಟಿದರು. “ನಾನಾ ಹೇಳುತ್ತಾರೆ! ಎಲೆ ಮೀನುಪೇಟೆಯ ತಾಯಿ, ನಿನ್ನ ಮಗಳು ಅರಬಾ ಈ ಕಚೇರಿಯಲ್ಲಿ ಬೇರು ಬಿಟ್ಟಿದ್ದಾಳೆ. ನಿನ್ನ ಒಲೆಯ ಬೂದಿ ಇಂದು ತಣ್ಣಗಾಗಲಿ.”

ಮಾಮೆ ಎಕುವಾ ಕೆಂಪು ಕಣ್ಣೆತ್ತಿ ಕುರ್ಚಿಯಲ್ಲಿದ್ದವಳನ್ನು ನೋಡಿದಳು. ಹೆತ್ತವಳಿಗೆ ಮಗಳ ಗುರುತು ಸಿಗಲು ಕೀಲಿಯೇನೂ ಬೇಕಿಲ್ಲ. ಒಂದು ಗಳಿಗೆ ಅವಳ ತುಟಿ ಅಲುಗಿತು. ಆಮೇಲೆ ಸುತ್ತಲಿನ ಜನರನ್ನು ನೋಡಿ ಮೊಣಕಾಲೂರಿದಳು.

“ನಾನಾ ಅವರಿಗೆ ನನ್ನ ನಮಸ್ಕಾರ ಹೇಳಿ ಎಗ್ಯಾ. ದೊಡ್ಡ ಮನಸ್ಸು ಮಾಡಿದರು. ಇವತ್ತೇ ಒಲೆ ಒಡೀತೀನಿ.” ಬೋಗುಣಿಯನ್ನು ನೆಲದ ಮೇಲಿಟ್ಟಳು. “ಇದು ನನ್ನ ಮಗಳಿಗೆ ತಂದದ್ದು. ಕೆಲಸ ಇದ್ರೆ ಊಟದ ಗ್ಯಾನ ಇರಲ್ಲ ಅವಳಿಗೆ. ಈ ಕಡೆ ಬಂದ್ರೆ ಬಿಸಿ ಇರುವಾಗಲೇ ತಿನ್ನೋಕೆ ಹೇಳಿ.”

ಆ್ಯಕನ್ ಹೇಳುವುದಾಗಿ ಮಾತುಕೊಟ್ಟರು. ಮುಖ್ಯಸ್ಥರು ಜನರೆದುರು ಉಣ್ಣುವ ಪದ್ಧತಿಯಿಲ್ಲ. ಹೊರಗೆ ಇಂಧನದ ಚೀಟಿಗೆ ಬಂದ ದೋಣಿಯವರ ಸಾಲು ಗೇಟು ದಾಟಿತ್ತು, ಒಬ್ಬೊಬ್ಬರೇ ಒಳಗೆ ಬಂದು ವಂದಿಸಿ ಹೋಗುತ್ತಿದ್ದರು. ನಾನಾ ಅವರು ಕೆಂಕಿ ತಣ್ಣಗಾಗುವುದನ್ನು ನೋಡುತ್ತ ಸಂಜೆಯವರೆಗೂ ಹಸಿದುಕೊಂಡೇ ಕೂತಿದ್ದರು.